ಡೋವರ್‌ನಿಂದ ಕ್ಯಾಲೆಗೆ ಲಾರಿಯಲ್ಲಿ ಸರಕು ಕಳಿಸುವುದು: ಕಾಗದ ಮುಂದೆ, ಲಾರಿ ಹಿಂದೆ

ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕ್ಯಾಲೆಗೆ ಫೆರಿಯಲ್ಲಿ ಸುಮಾರು ಒಂದೂವರೆ ಗಂಟೆ. ಅಷ್ಟು ಹೊತ್ತು ನಿಮ್ಮ ಲಾರಿ ಹಡಗಿನ ಕೆಳಗಿನ ಡೆಕ್‌ನಲ್ಲಿ ಸುಮ್ನೆ ನಿಂತಿರುತ್ತದೆ, ಡ್ರೈವರ್ ಮೇಲೆ ಹೋಗಿ ಊಟ ಮಾಡುತ್ತಿರುತ್ತಾರೆ, ಅಷ್ಟರಲ್ಲಿ ಫ್ರೆಂಚ್ ಕಸ್ಟಮ್ಸ್‌ನ ಕಂಪ್ಯೂಟರು ಈ ಲಾರಿಯನ್ನು ಬಿಡಬೇಕೋ ತಡೆಯಬೇಕೋ ಅಂತ ತೀರ್ಮಾನ ಮಾಡಿ ಮುಗಿಸಿರುತ್ತದೆ. ದಡ ಮುಟ್ಟಿದ ಮೇಲೆ ಕೌಂಟರಿನ ಮುಂದೆ ನಿಂತು ಫಾರಂ ತುಂಬೋಣ ಅನ್ನುವ ಪದ್ಧತಿ ಇಲ್ಲಿ ಇಲ್ಲ. ಕಾಗದಪತ್ರ ಲಾರಿಗಿಂತ ಮೊದಲೇ ಗಡಿ ದಾಟಿರಬೇಕು. ಈ ದಾರಿಯಲ್ಲಿ ಆಗುವ ತೊಂದರೆಗಳಲ್ಲಿ ಜಾಸ್ತಿ ಪಾಲು ಲಾರಿಯದ್ದೂ ಅಲ್ಲ, ಸಮುದ್ರದ್ದೂ ಅಲ್ಲ, ಕಾಗದದ್ದೇ.

2020ರ ಡಿಸೆಂಬರ್ 31ರ ತನಕ ಇದೆಲ್ಲ ಇರಲಿಲ್ಲ. ಲೋಡು ಮಾಡಿ ಹೊರಟರೆ ಆಯಿತು. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟಿತಲ್ಲ, ಹಾಗಾಗಿ 2021ರ ಜನವರಿ 1ರಿಂದ ಎರಡರ ನಡುವೆ ಪೂರ್ತಿ ಕಸ್ಟಮ್ಸ್ ಗಡಿ ಇದೆ. ವ್ಯಾಪಾರ ಒಪ್ಪಂದ ಆಗಿದೆಯಲ್ಲ, ಸುಂಕ ಇಲ್ಲವಲ್ಲ, ಮತ್ಯಾಕೆ ಡಿಕ್ಲರೇಶನ್ ಅಂತ ಹೊಸಬರು ಕೇಳುತ್ತಾರೆ. ಒಪ್ಪಂದ ತೆಗೆದದ್ದು ಸುಂಕವನ್ನು, ಅದೂ ಷರತ್ತಿನ ಮೇಲೆ. ಕಾಗದವನ್ನು ಅದು ತೆಗೆದಿಲ್ಲ.

ಒಂದು ಲೋಡಿಗೆ ಕನಿಷ್ಠ ಇಷ್ಟು ಬೇಕು: ಬ್ರಿಟನ್ ಕಡೆ ರಫ್ತು ಡಿಕ್ಲರೇಶನ್, ಬಂದರಿನೊಳಗೆ ಹೋಗಲು ಜಿಎಂಆರ್ ಅನ್ನುವ ಬಾರ್‌ಕೋಡು, ಯುರೋಪ್ ಕಡೆ ಆಮದು ಡಿಕ್ಲರೇಶನ್ ಇಲ್ಲವೇ ಟಿ1 ಟ್ರಾನ್ಸಿಟ್ (ಗಡಿಯಲ್ಲಿ ಸುಂಕ ಕಟ್ಟದೆ ಸರಕನ್ನು ಒಳನಾಡಿನ ಕಸ್ಟಮ್ಸ್ ಕಚೇರಿಗೆ ಒಯ್ಯುವ ಕಾಗದ), ಜೊತೆಗೆ ಒಕ್ಕೂಟದ ಒಳಗೆ ಬರುವ ಸರಕಿನ ಸುರಕ್ಷತಾ ಡಿಕ್ಲರೇಶನ್. ಇವನ್ನು ಬೇರೆ ಬೇರೆ ಜನ, ಬೇರೆ ಬೇರೆ ಸಿಸ್ಟಮ್‌ನಲ್ಲಿ ಹಾಕುತ್ತಾರೆ. ಯಾರು ಯಾವುದನ್ನು ಹಾಕುತ್ತಾರೆ ಅಂತ ಲಾರಿ ಬುಕ್ ಮಾಡುವ ಮೊದಲೇ ಇಮೇಲ್‌ನಲ್ಲಿ ಬರೆದು, ಎಲ್ಲರ ಹತ್ತಿರ ಹೂಂ ಅನಿಸಿಕೊಳ್ಳಿ. ಅವರು ಹಾಕುತ್ತಾರೆ ಅಂತ ಇವರು, ಇವರು ಹಾಕುತ್ತಾರೆ ಅಂತ ಅವರು ಕೂತಿರುವುದು ಈ ಲೈನಿನಲ್ಲಿ ದಿನಾ ನಡೆಯುವ ಕಥೆ.

ಮೊದಲು ಗಿರಾಕಿಯ ಜೊತೆ ಮಾತಾಡಿ

ಮಾರಾಟದ ಷರತ್ತು, ಅಂದರೆ ಇನ್‌ಕೋಟರ್ಮ್ಸ್: ಯಾವ ಕೆಲಸ, ಯಾವ ಖರ್ಚು ಮಾರುವವರದು, ಯಾವುದು ಕೊಳ್ಳುವವರದು ಅಂತ ಹೇಳುವ ಅಂತಾರಾಷ್ಟ್ರೀಯ ಪದಗಳು. ಈಗ ನಡೆಯುತ್ತಿರುವುದು 2020ರ ಆವೃತ್ತಿ. ಗಿರಾಕಿಗೆ ಅನುಕೂಲ ಆಗಲಿ ಅಂತ ಎಷ್ಟೋ ಜನ ಡಿಡಿಪಿ ಒಪ್ಪಿಕೊಂಡುಬಿಡುತ್ತಾರೆ. ಡಿಡಿಪಿ ಅಂದರೆ ಅಲ್ಲಿನ ಆಮದು, ಸುಂಕ, ವ್ಯಾಟ್ ಎಲ್ಲ ನಿಮ್ಮ ತಲೆಗೆ. ನಿಮ್ಮ ಕಂಪನಿ ಬ್ರಿಟನ್‌ನಲ್ಲಿ ಮಾತ್ರ ಇದ್ದರೆ ಒಕ್ಕೂಟದೊಳಗೆ ನೀವೇ ಆಮದು ಡಿಕ್ಲರೇಶನ್ ಹಾಕುವ ಹಾಗಿಲ್ಲ. ಅಲ್ಲಿ ನೆಲೆಯಿರುವ ಪರೋಕ್ಷ ಪ್ರತಿನಿಧಿ, ಅಂದರೆ ನಿಮ್ಮ ಪರವಾಗಿ ತನ್ನ ಹೆಸರಲ್ಲೇ ಡಿಕ್ಲರೇಶನ್ ಹಾಕುವ ಏಜೆಂಟ್, ಬೇಕು. ಸುಂಕದ ಸಾಲಕ್ಕೆ ಆತನೂ ಜವಾಬ್ದಾರ ಆಗುವುದರಿಂದ ಏಜೆಂಟರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ, ಒಪ್ಪಿದರೂ ಗ್ಯಾರಂಟಿ ದುಡ್ಡು ಕೇಳುತ್ತಾರೆ. ಅದರ ಮೇಲೆ ಆ ದೇಶದ ವ್ಯಾಟ್ ನೋಂದಣಿ ಬೇರೆ. ಫ್ರಾನ್ಸ್‌ನಲ್ಲಿ 2022ರ ಜನವರಿಯಿಂದ ಆಮದು ವ್ಯಾಟ್ ಅನ್ನು ಗಡಿಯಲ್ಲಿ ಕಟ್ಟುವ ಬದಲು ವ್ಯಾಟ್ ರಿಟರ್ನ್‌ನಲ್ಲೇ ತೋರಿಸಬೇಕು, ಅದಕ್ಕೆ ಫ್ರೆಂಚ್ ವ್ಯಾಟ್ ನಂಬರ್ ಬೇಕೇ ಬೇಕು.

ಆ ಕಡೆ ತುದಿಯಲ್ಲಿರುವ ಇಎಕ್ಸ್‌ಡಬ್ಲ್ಯೂ ಕೂಡ ಚೆನ್ನಾಗಿಲ್ಲ. ನಮ್ಮ ಗೋಡೌನ್ ಬಾಗಿಲಿಗೆ ನಮ್ಮ ಕೆಲಸ ಮುಗಿಯಿತು ಅಂತ ಕೇಳಲಿಕ್ಕೆ ಸೊಗಸಾಗಿದೆ. ಆದರೆ ಬ್ರಿಟನ್‌ನ ರಫ್ತು ಕೆಲಸ ಫ್ರೆಂಚ್ ಗಿರಾಕಿಯ ತಲೆಗೆ ಬೀಳುತ್ತದೆ. ಅವರಿಗೆ ಇಲ್ಲಿ ನೆಲೆ ಇಲ್ಲ, ಇಲ್ಲಿನ ಏಜೆಂಟ್ ಪರಿಚಯವೂ ಇಲ್ಲ. ನನ್ನ ಕೇಳಿದರೆ ಎಫ್‌ಸಿಎ (ಗಿರಾಕಿ ಗೊತ್ತುಮಾಡಿದ ಸಾಗಣೆಯವರಿಗೆ ನೀವು ಸರಕು ಒಪ್ಪಿಸುವುದು) ಅಥವಾ ಡಿಎಪಿ (ಗಿರಾಕಿ ಹೇಳಿದ ಜಾಗದ ತನಕ ನೀವು ತಲುಪಿಸುವುದು) ಸಾಕು. ರಫ್ತು ನಿಮ್ಮದು, ಆಮದು ಅವರದು, ಅವರವರ ದೇಶದ ಕಾಗದ ಅವರವರು ನೋಡಿಕೊಳ್ಳುತ್ತಾರೆ.

ಇಬ್ಬರಿಗೂ ಇಓಆರ್‌ಐ ನಂಬರ್, ಅಂದರೆ ಕಸ್ಟಮ್ಸ್‌ನಲ್ಲಿ ವ್ಯಾಪಾರಿಯನ್ನು ಗುರುತಿಸುವ ನಂಬರ್, ಇರಬೇಕು. ನಿಮ್ಮದು ಜಿಬಿ ಅಂತ ಶುರುವಾಗುತ್ತದೆ, ಆಮೇಲೆ 12 ಅಂಕಿ. ಗಿರಾಕಿಯದು ಒಕ್ಕೂಟದ ದೇಶದ್ದೇ ಆಗಿರಬೇಕು. ಅವರ ನಂಬರ್ ಇದೆಯಾ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಮೊದಲ ಸಲ ಹೊರಗಿನಿಂದ ತರಿಸುವ ಸಣ್ಣ ಅಂಗಡಿಯವರ ಹತ್ತಿರ ಎಷ್ಟೋ ಸಲ ಇರುವುದಿಲ್ಲ.

ಕೋಡು, ಮೂಲ, ಮತ್ತೆ ತೂಕ

ಪ್ರತಿ ವಸ್ತುವಿಗೂ ಒಂದು ಎಚ್ಎಸ್ ಕೋಡು, ಅಂದರೆ ಅದು ಯಾವ ಬಗೆಯ ಸರಕು ಅಂತ ಕಸ್ಟಮ್ಸ್‌ಗೆ ಹೇಳುವ ಅಂಕಿ. ಮೊದಲ 6 ಅಂಕಿ ಜಗತ್ತಿನ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಅದರ ಮುಂದಿನವು ಆಯಾ ಜಾಗದ್ದು: ಬ್ರಿಟನ್‌ನಿಂದ ರಫ್ತಿಗೆ 8 ಅಂಕಿ, ಒಕ್ಕೂಟದ ಆಮದಿಗೆ 10. ಕೋಡು ಹುಡುಕುವ ಕೆಲಸವನ್ನು ಪೂರ್ತಿ ಏಜೆಂಟ್ ಮೇಲೆ ಹಾಕಬೇಡಿ. ಅವರು ನಿಮ್ಮ ವಸ್ತುವನ್ನು ಕಣ್ಣಲ್ಲಿ ನೋಡಿಲ್ಲ. ಇನ್‌ವಾಯ್ಸ್‌ನಲ್ಲಿ ಬರೀ ‘ಬಿಡಿಭಾಗ’ ಅಂತ ಬರೆದರೆ ಅವರಿಗೂ ಗೊತ್ತಾಗುವುದಿಲ್ಲ, ಕಸ್ಟಮ್ಸ್‌ನವರಿಗಂತೂ ಅನುಮಾನ ಬರುವುದೇ ಅಂಥ ಪದಕ್ಕೆ. ‘ನೀರಿನ ಪಂಪಿಗೆ ಹಾಕುವ ರಬ್ಬರ್ ವಾಷರ್’ ಅಂತ ಬರೆಯಿರಿ. ಏನದು, ಯಾತರಿಂದ ಮಾಡಿದ್ದು, ಯಾತಕ್ಕೆ, ಈ ಮೂರು ಗೊತ್ತಾದರೆ ಸಾಕು.

ಈಗ, ಸುಂಕ ಇಲ್ಲ ಅನ್ನುವುದಕ್ಕೆ ಒಪ್ಪಂದ ಹಾಕಿದ ಆ ಷರತ್ತಿನ ವಿಷಯ. ಒಪ್ಪಂದದ ಪ್ರಕಾರ ಸುಂಕ ಬೇಡ ಅಂದರೆ ಸರಕು ಬ್ರಿಟನ್ ಮೂಲದ್ದು ಅಂತ ಲೆಕ್ಕಕ್ಕೆ ಬರಬೇಕು. ಬ್ರಿಟನ್‌ನಿಂದ ಲೋಡು ಆಯಿತು ಅನ್ನುವುದಷ್ಟೇ ಸಾಲದು. ಚೀನಾದಿಂದ ತರಿಸಿದ ಸರಕನ್ನು ಇಲ್ಲಿ ಬರೀ ಡಬ್ಬಿ ಬದಲಿಸಿ ಫ್ರಾನ್ಸಿಗೆ ಕಳಿಸಿದರೆ ಅದು ಚೀನಾದ್ದೇ. ಬ್ರಿಟನ್‌ಗೆ ಬಂದಾಗ ಸುಂಕ ಕಟ್ಟಿದ್ದರೂ ಅಲ್ಲಿ ಮತ್ತೆ ಕಟ್ಟಬೇಕಾಗುತ್ತದೆ. ಮೂಲದ ನಿಯಮ ಪೂರೈಸಿದ್ದರೆ ಇನ್‌ವಾಯ್ಸ್ ಮೇಲೆ ಮೂಲದ ಹೇಳಿಕೆ ಹಾಕಿ, ಕೆಳಗೆ ನಿಮ್ಮ ಇಓಆರ್‌ಐ ನಂಬರ್ ಬರೆಯಿರಿ. ಅದರ ಪದಗಳು ಒಪ್ಪಂದದಲ್ಲಿ ಕೊಟ್ಟ ಹಾಗೇ ಇರಬೇಕು, ನಿಮ್ಮ ಸ್ವಂತ ವಾಕ್ಯ ನಡೆಯುವುದಿಲ್ಲ.

ಆಮೇಲೆ ಎಲ್ಲ ಕಾಗದದಲ್ಲೂ ಅಂಕಿ ಒಂದೇ ಇರಬೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇನ್‌ವಾಯ್ಸ್‌ನಲ್ಲಿ 24 ಪೆಟ್ಟಿಗೆ. ಗೋಡೌನಿನವರು ಅವನ್ನು ಒಂದು ಪ್ಯಾಲೆಟ್ ಮೇಲೆ ಜೋಡಿಸಿ, ಸುತ್ತ ಪ್ಲಾಸ್ಟಿಕ್ ಸುತ್ತಿ, ಪ್ಯಾಕಿಂಗ್ ಲಿಸ್ಟ್‌ನಲ್ಲಿ 1 ಪ್ಯಾಲೆಟ್ ಅಂತ ಬರೆದರು. ಸಾಗಣೆಯವರು ಅದನ್ನೇ ನೋಡಿ 1 ಅಂದರು. ಡಿಕ್ಲರೇಶನ್ ಹಾಕಿದವರು ಇನ್‌ವಾಯ್ಸ್ ನೋಡಿ 24 ಅಂದರು. ತೂಕ ಒಂದರಲ್ಲಿ ಪ್ಯಾಲೆಟ್ ಸೇರಿಸಿ, ಇನ್ನೊಂದರಲ್ಲಿ ಬಿಟ್ಟು. ಯಾರೂ ಸುಳ್ಳು ಹೇಳಿಲ್ಲ, ಆದರೂ ಮೂರು ಕಾಗದ ಮೂರು ಮಾತು ಹೇಳುತ್ತಿವೆ. ತಪಾಸಣೆಗೆ ಬಾಗಿಲು ತೆಗೆದ ಅಧಿಕಾರಿಗೆ ಕಾಣುವುದು ಅದೊಂದೇ. ಅದಕ್ಕೆ ‘1 ಪ್ಯಾಲೆಟ್, ಅದರ ಮೇಲೆ 24 ಪೆಟ್ಟಿಗೆ, ಒಟ್ಟು ತೂಕ ಇಷ್ಟು, ನಿವ್ವಳ ಇಷ್ಟು’ ಅನ್ನುವ ಒಂದೇ ಸಾಲನ್ನು ಎಲ್ಲ ಕಾಗದದಲ್ಲೂ ಹಾಗೇ ಇಳಿಸಿ. ಕೊನೇ ಗಳಿಗೆಯಲ್ಲಿ ಇನ್ನೆರಡು ಪೆಟ್ಟಿಗೆ ಹಿಡಿಯುತ್ತದೆ, ಹಾಕಿಬಿಡೋಣ ಅಂತ ಗೋಡೌನಿನಿಂದ ಫೋನ್ ಬಂದರೆ ಬೇಡ ಅನ್ನಿ.

ಪ್ಯಾಲೆಟ್ ಅಂದಾಗ ಇನ್ನೊಂದು. ಮರದ ಪ್ಯಾಲೆಟ್‌ಗೆ ಐಎಸ್‌ಪಿಎಂ 15 ಮುದ್ರೆ ಬೇಕು. ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯಿಸಿದ್ದು ಅನ್ನುವುದಕ್ಕೆ ಎಚ್‌ಟಿ ಅಂತ ಇರುತ್ತದೆ, ಪಕ್ಕದಲ್ಲಿ ತೆನೆಯ ಗುರುತು, ದೇಶದ ಅಕ್ಷರ, ತಯಾರಕರ ನಂಬರ್. ಹುಳ ಗಡಿ ದಾಟಬಾರದು ಅಂತ ಈ ನಿಯಮ. ಗೋಡೌನ್ ಹಿಂದೆ ಮಳೆಗೆ ಬಿದ್ದಿರುವ, ಮುದ್ರೆ ಅಳಿಸಿಹೋದ ಹಳೇ ಪ್ಯಾಲೆಟ್ ಹಾಕಿದರೆ ಒಳಗಿನ ಸರಕು ಎಷ್ಟೇ ಸರಿ ಇದ್ದರೂ ಲೋಡು ಸಿಕ್ಕಿಬೀಳಬಹುದು. ಲೋಡು ಮಾಡುವ ಹುಡುಗರಿಗೆ ಮುದ್ರೆ ತೋರಿಸಿ ಹೇಳಿಕೊಡಿ, ಎರಡು ನಿಮಿಷದ ಕೆಲಸ.

ಕ್ಯಾಲೆಯಲ್ಲೇ ಬಿಡಿಸುವುದೋ, ಟಿ1 ಹಾಕುವುದೋ

ಸರಕು ಫ್ರಾನ್ಸಿಗೇ ಹೋಗುವುದಾದರೆ ಸಾಮಾನ್ಯವಾಗಿ ಫ್ರೆಂಚ್ ಆಮದು ಡಿಕ್ಲರೇಶನ್ ಅನ್ನು ಮುಂಚಿತವಾಗಿ ಹಾಕಿಸುತ್ತಾರೆ. ಸರಳ. ಜರ್ಮನಿಗೋ ಪೋಲೆಂಡ್‌ಗೋ ಹೋಗುವುದಾದರೆ ಟಿ1 ಯೋಚಿಸಿ. ಸುಂಕ, ವ್ಯಾಟ್ ಯಾವುದೂ ಗಡಿಯಲ್ಲಿ ಕಟ್ಟದೆ, ಸೀಲು ಹಾಕಿದ ಲಾರಿ ನೇರ ಗಿರಾಕಿಯ ಊರಿನ ಕಸ್ಟಮ್ಸ್ ಕಚೇರಿಗೆ ಹೋಗುತ್ತದೆ. ಅಲ್ಲಿ ಗಿರಾಕಿಯ ಏಜೆಂಟ್ ಅವರ ಭಾಷೆಯಲ್ಲಿ, ಅವರ ವ್ಯಾಟ್ ನಂಬರ್‌ನಲ್ಲಿ ಬಿಡಿಸಿಕೊಳ್ಳುತ್ತಾರೆ.

ಟಿ1ಗೆ ಗ್ಯಾರಂಟಿ ಬೇಕು. ಸರಕು ದಾರಿಯಲ್ಲಿ ಎಲ್ಲಾದರೂ ಮಾಯವಾದರೆ ಸುಂಕ, ವ್ಯಾಟ್ ಕಟ್ಟುವವರು ಇರಬೇಕಲ್ಲ, ಅದಕ್ಕೆ. ನಿಮ್ಮ ಹತ್ತಿರ ಗ್ಯಾರಂಟಿ ಇಲ್ಲದಿದ್ದರೆ ಏಜೆಂಟ್ ತಮ್ಮದನ್ನು ಬಳಸಿ ಫೀಸು ತಗೊಳ್ಳುತ್ತಾರೆ. ಲಾರಿಯ ಜೊತೆ ಬಾರ್‌ಕೋಡ್ ಇರುವ ಟ್ರಾನ್ಸಿಟ್ ದಾಖಲೆ ಹೋಗುತ್ತದೆ, ಅದರ ಮೇಲೆ 18 ಅಕ್ಷರದ ಎಂಆರ್‌ಎನ್, ಅಂದರೆ ಆ ಡಿಕ್ಲರೇಶನ್‌ಗೆ ಕಸ್ಟಮ್ಸ್ ಕೊಡುವ ಗುರುತಿನ ನಂಬರ್.

ಟಿ1 ತೆರೆಯುವುದು ಎಲ್ಲರಿಗೂ ನೆನಪಿರುತ್ತದೆ. ಮುಚ್ಚುವುದು ಮರೆತುಹೋಗುತ್ತದೆ. ಡ್ರೈವರ್ ಶನಿವಾರ ರಾತ್ರಿ ಊರು ತಲುಪಿದರು ಅಂತ ಇಟ್ಟುಕೊಳ್ಳಿ, ಕಸ್ಟಮ್ಸ್ ಕಚೇರಿ ಬಾಗಿಲು ಹಾಕಿದೆ, ಗಿರಾಕಿಯ ಗೋಡೌನ್ ಮಾತ್ರ ತೆರೆದಿದೆ, ಫೋರ್ಕ್‌ಲಿಫ್ಟ್‌ನವನು ಬಾ ಅಂತ ಕೈ ಬೀಸುತ್ತಿದ್ದಾನೆ. ಇಳಿಸಿಬಿಟ್ಟರೆ ಆಯಿತು, ಸೀಲು ಒಡೆಯಿತು, ಟ್ರಾನ್ಸಿಟ್ ಮುಚ್ಚಲಿಲ್ಲ, ಕೆಲವು ತಿಂಗಳ ಮೇಲೆ ಗ್ಯಾರಂಟಿ ಕೊಟ್ಟವರ ಮನೆಗೆ ಸುಂಕದ ನೋಟಿಸ್ ಬರುತ್ತದೆ. ಟಿ1 ಸರಕನ್ನು ತಮ್ಮ ಜಾಗದಲ್ಲೇ ಪಡೆಯಲು ಕಸ್ಟಮ್ಸ್ ಕೊಡುವ ಅಧಿಕೃತ ಸ್ವೀಕಾರದ ಅನುಮತಿ ಗಿರಾಕಿಗೆ ಇದ್ದರೆ ಮಾತ್ರ ನೇರ ಅವರ ಗೋಡೌನಿಗೆ ಹೋಗಬಹುದು. ಇಲ್ಲದಿದ್ದರೆ ಕಚೇರಿಯ ವಿಳಾಸ, ತೆರೆಯುವ ಸಮಯ, ಏಜೆಂಟ್ ಫೋನ್ ನಂಬರ್ ಮೂರನ್ನೂ ಡ್ರೈವರ್ ಕೈಗೆ ಕೊಡಿ. ‘ಕಸ್ಟಮ್ಸ್ ಮುಗಿಯುವ ತನಕ ಇಳಿಸಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆದುಕೊಡಿ.

ಸಿಎಂಆರ್ ಮತ್ತು ವಿಮೆ

ಸಿಎಂಆರ್ ಅಂದರೆ ರಸ್ತೆ ಸಾಗಣೆಯ ರಶೀದಿ, 1956ರ ಜಿನೀವಾ ಒಪ್ಪಂದದ್ದು. ಮೂರು ಮೂಲ ಪ್ರತಿ: ಒಂದು ಕಳಿಸುವವರಿಗೆ, ಒಂದು ಸರಕಿನ ಜೊತೆ, ಒಂದು ಸಾಗಣೆಯವರಿಗೆ. ಸೀಲು ನಂಬರ್ ಅದರಲ್ಲಿ ಬರೆಸಿ.

ಫೆರಿ ಹತ್ತಿದ ಮೇಲೆ ಯಾವ ಕಾನೂನು ಅಂತ ಗೊಂದಲ ಬರುತ್ತದೆ. ಸರಕನ್ನು ಲಾರಿಯಿಂದ ಇಳಿಸದೆ ಲಾರಿ ಸಮೇತ ಹಡಗಿಗೆ ಹತ್ತಿಸಿದರೆ ಇಡೀ ಪ್ರಯಾಣಕ್ಕೆ ಸಿಎಂಆರ್ ಅನ್ವಯಿಸುತ್ತದೆ, ಒಪ್ಪಂದದ 2ನೇ ವಿಧಿ ಹಾಗೆ ಹೇಳುತ್ತದೆ. ಸಮುದ್ರದಲ್ಲಿ ಮಾತ್ರ ಆಗಬಹುದಾದ ಹಾನಿ, ಅದರಲ್ಲಿ ಸಾಗಣೆಯವರ ತಪ್ಪಿಲ್ಲ ಅಂದರೆ ಮಾತ್ರ ಹಡಗಿನ ಕಾನೂನು ಬರುತ್ತದೆ.

ಆದರೆ ಸಿಎಂಆರ್ ಪರಿಹಾರವನ್ನು ವಿಮೆ ಅಂದುಕೊಳ್ಳಬೇಡಿ. ಅದರ ಮಿತಿ ಕಿಲೋಗೆ 8.33 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. 500 ಕಿಲೋ ಸರಕು ಪೂರ್ತಿ ಹೋದರೆ ಸಿಗುವುದು ಹೆಚ್ಚೆಂದರೆ 4,165 ಎಸ್‌ಡಿಆರ್. ಜಲ್ಲಿ ಕಲ್ಲಿಗಾದರೆ ಧಾರಾಳ ಆಯಿತು, ಕ್ಯಾಮೆರಾ ಲೆನ್ಸಿಗೆ ಏನೂ ಅಲ್ಲ. ಬೇರೆ ಸರಕು ವಿಮೆ ಮಾಡಿಸಿ. ಹಡಗನ್ನು ಉಳಿಸಲು ಯಾರದೋ ಸರಕು ಬಲಿಯಾದರೆ ಉಳಿದ ಸರಕಿನವರೂ ನಷ್ಟದಲ್ಲಿ ಪಾಲು ಕೊಡಬೇಕು ಅನ್ನುವ ಹಳೇ ಕಡಲ ನಿಯಮ ಇನ್ನೂ ಇದೆ. ಆ ಪಾಲನ್ನೂ ಇಂಥ ವಿಮೆ ಸಾಮಾನ್ಯವಾಗಿ ನೋಡಿಕೊಳ್ಳುತ್ತದೆ.

ಬಂದರಿನ ಗೇಟು

ರಫ್ತು ಡಿಕ್ಲರೇಶನ್‌ಗೆ ಕಸ್ಟಮ್ಸ್ ಮುಂದುವರಿಯಲು ಒಪ್ಪಿಗೆ ಕೊಟ್ಟ ಮೇಲೆ, ಸಾಗಣೆಯವರು ಲಾರಿಯಲ್ಲಿರುವ ಎಲ್ಲ ಸರಕಿನ ನಂಬರುಗಳನ್ನು ಬ್ರಿಟನ್‌ನ ಜಿವಿಎಂಎಸ್ ಸಿಸ್ಟಮ್‌ನಲ್ಲಿ ಸೇರಿಸಿ ಒಂದು ಜಿಎಂಆರ್ ತೆಗೆಯುತ್ತಾರೆ. ಒಂದು ಲಾರಿ, ಒಂದು ದಾಟು, ಒಂದು ಜಿಎಂಆರ್. ಅದು ಸರಿ ಇಲ್ಲದಿದ್ದರೆ ಫೆರಿಯವರು ಚೆಕ್‌ಇನ್‌ನಲ್ಲೇ ವಾಪಸ್ ಕಳಿಸುತ್ತಾರೆ, ಬೇಡಿಕೊಂಡರೂ ಪ್ರಯೋಜನ ಇಲ್ಲ. ತಪಾಸಣೆಗೆ ಹೋಗಬೇಕು ಅಂತ ಬಂದರೆ ಬಂದರಿನ ಒಳಗಲ್ಲ, ಆಶ್‌ಫರ್ಡ್ ಹತ್ತಿರದ ಸೆವಿಂಗ್‌ಟನ್‌ನಂಥ ಒಳನಾಡಿನ ಕೇಂದ್ರಕ್ಕೆ ಹೋಗಬೇಕಾಗಬಹುದು. ಆ ಸಮಯವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಫ್ರೆಂಚ್ ಕಡೆಗೆ ಇನ್ನೊಂದು ಬಾರ್‌ಕೋಡು. ಲೋಡಿನಲ್ಲಿ ಹಲವು ಎಂಆರ್‌ಎನ್ ಇದ್ದರೆ ಅವನ್ನೆಲ್ಲ ‘ಲಕೋಟೆ’ ಅನ್ನುವ ಒಂದೇ ಬಾರ್‌ಕೋಡಿಗೆ ಸೇರಿಸುತ್ತಾರೆ. ಡೋವರ್‌ನ ಚೆಕ್‌ಇನ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿ ಲಾರಿಯ ನಂಬರ್ ಪ್ಲೇಟಿಗೆ ಜೋಡಿಸುತ್ತಾರೆ. ಹಡಗು ನಡುದಾರಿಯಲ್ಲಿರುವಾಗ ಫಲಿತಾಂಶ ಪರದೆಯ ಮೇಲೆ ಬರುತ್ತದೆ: ಹಸಿರು ಅಂದರೆ ಸೀದಾ ಹೊರಗೆ, ಕಿತ್ತಳೆ ಅಂದರೆ ಕಸ್ಟಮ್ಸ್ ಇಲ್ಲವೇ ಆಹಾರ, ಪ್ರಾಣಿ, ಸಸ್ಯ ತಪಾಸಣೆಗೆ. ಕೆಳಗೆ ಇಳಿದಾಗ ಅದೇ ಬಣ್ಣದ ಗೆರೆ ಹಿಡಿದು ಹೋಗಬೇಕು. ಮಾಂಸ, ಹಾಲಿನ ಪದಾರ್ಥ ಇದ್ದರೆ ಆರೋಗ್ಯ ಪ್ರಮಾಣಪತ್ರ ಮತ್ತು ಮುಂಚಿತ ಸೂಚನೆ ಬೇಕು, ಅದೇ ಒಂದು ಬೇರೆ ಲೋಕ, ಇಲ್ಲಿ ಅದಕ್ಕೆ ಇಳಿಯುವುದಿಲ್ಲ.

ಸುರಕ್ಷತಾ ಡಿಕ್ಲರೇಶನ್ ಫೆರಿ ತಲುಪುವ ಕನಿಷ್ಠ 2 ಗಂಟೆ ಮೊದಲು ಹೋಗಿರಬೇಕು. ದಾಟುವುದಕ್ಕೇ ಒಂದೂವರೆ ಗಂಟೆ, ಅಂದರೆ ಹಡಗು ಹೊರಡುವ ಮೊದಲೇ ಅಂತಾಯಿತಲ್ವಾ? ಡ್ರೈವರ್ ಜೊತೆಗಿದ್ದರೆ ಇದು ಸಾಗಣೆಯವರ ಜವಾಬ್ದಾರಿ, ಅವರಿಗೆ ಬೇಕಾದ ವಿವರ ಕೊಡಬೇಕಾದ್ದು ನೀವು.

ಹಲವರ ಸರಕು ಒಂದೇ ಲಾರಿಯಲ್ಲಿ ಹೋಗುವಾಗ ಇದೆಲ್ಲ ಇನ್ನೂ ಬಿಗಿ. ಹತ್ತು ಜನರ ಸರಕಿನಲ್ಲಿ ಒಬ್ಬರ ಕೋಡು ತಪ್ಪಾದರೂ ಹತ್ತೂ ನಿಲ್ಲುತ್ತವೆ. ಅವಸರದ ಸರಕು, ಕೆಟ್ಟುಹೋಗುವ ಸರಕು ಇದ್ದರೆ ಬಾಡಿಗೆ ಜಾಸ್ತಿಯಾದರೂ ಒಂಟಿ ಲಾರಿ ಮಾಡಿ ಅನ್ನುವುದು ನನ್ನ ಅಭಿಪ್ರಾಯ.

ಹಡಗಿನಲ್ಲಿ

ಬುಕ್ ಮಾಡುವಾಗ ಉದ್ದ, ಎತ್ತರ, ತೂಕ, ನಂಬರ್ ಪ್ಲೇಟು ನಿಜ ಹೇಳಿ. ಟ್ರೇಲರ್ ಕೊನೇ ಗಳಿಗೆಯಲ್ಲಿ ಬದಲಾದರೆ ಬುಕಿಂಗ್, ಜಿಎಂಆರ್ ಎರಡರಲ್ಲೂ ತಿದ್ದಿಸಿ. ಶೀತಲ ಟ್ರೇಲರ್ ಆದರೆ ಹಡಗಿನಲ್ಲಿ ಕರೆಂಟ್ ಪ್ಲಗ್ ಬೇಕು ಅಂತ ಮೊದಲೇ ಕೇಳಿ. ಬಣ್ಣ, ಬ್ಯಾಟರಿ, ಗ್ಯಾಸ್ ಥರದ ಅಪಾಯಕಾರಿ ಸರಕಿಗೆ ರಸ್ತೆಯಲ್ಲಿ ಎಡಿಆರ್ ನಿಯಮ, ಸಮುದ್ರದಲ್ಲಿ ಐಎಂಡಿಜಿ ನಿಯಮ. ಎರಡಕ್ಕೂ ಕಾಗದ ಬೇಕು. ರಸ್ತೆಯಲ್ಲಿ ನಡೆದದ್ದು ಪ್ರಯಾಣಿಕರಿರುವ ಹಡಗಿನಲ್ಲಿ ನಡೆಯದೇ ಇರಬಹುದು.

ಕಟ್ಟುವ ವಿಷಯದಲ್ಲಿ ರಸ್ತೆಯ ಲೆಕ್ಕ ಹೀಗೆ: ಮುಂದಕ್ಕೆ ಸರಕಿನ ತೂಕದ 80%, ಪಕ್ಕಕ್ಕೂ ಹಿಂದಕ್ಕೂ 50% ಒತ್ತಡ ತಡೆಯುವ ಹಾಗೆ ಕಟ್ಟಬೇಕು. ಸಮುದ್ರದಲ್ಲಿ ಕಾಟ ಕೊಡುವುದು ಪಕ್ಕದ ಓಲಾಟ. ಒಂದೇ ಸಲದ ಬ್ರೇಕಿನ ಹೊಡೆತ ಅಲ್ಲ, ಬಿಡದೆ ಆಚೀಚೆ ತೂಗುವುದು. ಬೆಲ್ಟು ಮೆಲ್ಲಗೆ ಸಡಿಲವಾಗುತ್ತದೆ, ಆ ಹೊತ್ತಿಗೆ ಡೆಕ್‌ಗೆ ಬೀಗ ಹಾಕಿರುತ್ತದೆ, ಡ್ರೈವರ್ ಹೋಗಿ ಬಿಗಿ ಮಾಡುವ ಹಾಗಿಲ್ಲ. ಪ್ಯಾಲೆಟ್ ಕೆಳಗೆ ಜಾರದ ರಬ್ಬರ್ ಹಾಳೆ ಹಾಕಿ, ಪಕ್ಕದ ಸಂದು ಬಿಡದೆ ತುಂಬಿ. ಬರೀ ಪಕ್ಕದ ಪರದೆ ನಂಬಿ ಕಳಿಸಬೇಡಿ.

ಡ್ರೈವರ್ ಸಮಯವೂ ಒಂದು ಲೆಕ್ಕ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ, ಅದು ಈ ದಾಟಿನಲ್ಲಿ ಆರಾಮಾಗಿ ಆಗುತ್ತದೆ. ಆದರೆ ದಿನದ 11 ಗಂಟೆ ವಿಶ್ರಾಂತಿಯನ್ನು ಇಷ್ಟು ಚಿಕ್ಕ ದಾರಿಯಲ್ಲಿ ಮುಗಿಸಲಾಗದು. ಡೋವರ್ ಕಡೆ ಸಾಲು ನಿಂತಾಗ ಇಂಚಿಂಚೇ ಮುಂದೆ ಸರಿಯುವುದೂ ಟ್ಯಾಕೋಗ್ರಾಫ್‌ನಲ್ಲಿ (ಡ್ರೈವರ್ ಓಡಿಸಿದ ಸಮಯ ದಾಖಲಿಸುವ ಯಂತ್ರದಲ್ಲಿ) ಓಡಿಸಿದ ಲೆಕ್ಕಕ್ಕೆ ಹೋಗುತ್ತದೆ. ಸಂಜೆ ಇಷ್ಟು ಹೊತ್ತಿಗೆ ತಲುಪುತ್ತೇವೆ ಅಂತ ಗಿರಾಕಿಗೆ ಗಟ್ಟಿ ಮಾತು ಕೊಡುವ ಮೊದಲು ಇದನ್ನು ನೆನೆಸಿಕೊಳ್ಳಿ. 2020ರ ಡಿಸೆಂಬರ್ 20ರ ರಾತ್ರಿ ಕೋವಿಡ್ ಕಾರಣಕ್ಕೆ ಫ್ರಾನ್ಸ್ ಗಡಿ ಮುಚ್ಚಿದಾಗ ಸಾವಿರಾರು ಲಾರಿಗಳು ಡೋವರ್ ಇರುವ ಕೆಂಟ್ ಪ್ರದೇಶದಲ್ಲಿ ಸಿಕ್ಕಿಬಿದ್ದವು, ಮ್ಯಾನ್‌ಸ್ಟನ್‌ನ ಹಳೇ ವಿಮಾನ ನಿಲ್ದಾಣವೇ ಲಾರಿ ನಿಲ್ದಾಣ ಆಯಿತು.

ಮತ್ತೆ, ಡ್ರೈವರ್ ಬುತ್ತಿಯಲ್ಲಿ ಮಾಂಸ, ಚೀಸ್ ಬೇಡ. ಹೊರಗಿನಿಂದ ಒಕ್ಕೂಟದೊಳಗೆ ಸ್ವಂತಕ್ಕೂ ತರುವ ಹಾಗಿಲ್ಲ. 2021ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್ ಕಸ್ಟಮ್ಸ್‌ನವರು ಡ್ರೈವರ್‌ಗಳ ಹ್ಯಾಮ್ ಸ್ಯಾಂಡ್‌ವಿಚ್ ತೆಗೆದುಕೊಂಡದ್ದು ಟಿವಿಯಲ್ಲೇ ಬಂದಿತ್ತು.

ವಾಪಸ್ ಬರುವಾಗ ಟ್ರೇಲರ್ ಒಳಗೆ ಜನ ಅಡಗಿ ಕೂರದ ಹಾಗೆ ನೋಡಿಕೊಳ್ಳುವುದು ದೊಡ್ಡ ಜವಾಬ್ದಾರಿ. ಬೀಗ, ಸೀಲು, ಟಾರ್ಪಾಲಿನ ಹಗ್ಗ, ಛಾವಣಿ, ಕೆಳಭಾಗ ಎಲ್ಲ ಪ್ರತಿ ನಿಲುಗಡೆಯಲ್ಲೂ ನೋಡಿ, ಸಮಯ ಹಾಕಿ ಪಟ್ಟಿಯಲ್ಲಿ ಬರೆಯಬೇಕು. ಬ್ರಿಟನ್‌ನ ದಂಡ ಸಿಕ್ಕ ಒಬ್ಬೊಬ್ಬರಿಗೂ 10,000 ಪೌಂಡ್ ತನಕ ಹೋಗುತ್ತದೆ. ಬರೆದ ಪಟ್ಟಿ ಇಲ್ಲದಿದ್ದರೆ ನಾವು ನೋಡಿದ್ದೆವು ಅನ್ನುವ ಮಾತಿಗೆ ಬೆಲೆ ಕಡಿಮೆ.

ಇಳಿಸಿದ ಮೇಲೆ

ಗಿರಾಕಿಗೆ ಒಂದು ಮಾತು ಹೇಳಿಡಿ: ಕಣ್ಣಿಗೆ ಕಾಣುವ ಹಾನಿ ಇದ್ದರೆ ಡ್ರೈವರ್ ಎದುರಿಗೇ ಸಿಎಂಆರ್ ಮೇಲೆ ಬರೆಯಬೇಕು. ಒಳಗಿನ ಹಾನಿಯಾದರೆ 7 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು, ಭಾನುವಾರ ಮತ್ತು ಸರ್ಕಾರಿ ರಜೆ ಇದರಲ್ಲಿ ಸೇರುವುದಿಲ್ಲ. ದಾವೆಗೆ ಸಾಮಾನ್ಯವಾಗಿ 1 ವರ್ಷ ಗಡುವು.

ನಿಮ್ಮ ಕಡೆ, ಸರಕು ಬ್ರಿಟನ್ ಬಿಟ್ಟು ಹೋಯಿತು ಅಂತ ಕಸ್ಟಮ್ಸ್ ಸಿಸ್ಟಮ್‌ನಲ್ಲಿ ದಾಖಲಾಗಿದೆಯಾ ಅಂತ ಏಜೆಂಟ್ ಹತ್ತಿರ ಕೇಳಿ, ಆ ಸಂದೇಶದ ಪ್ರತಿ ತರಿಸಿಕೊಳ್ಳಿ. ರಫ್ತಿಗೆ ವ್ಯಾಟ್ ಹಾಕದೆ ಬಿಲ್ ಮಾಡಿದ್ದೀರಲ್ಲ, ಅದಕ್ಕೆ ಪುರಾವೆ ಇದೇ, ಸಾಮಾನ್ಯವಾಗಿ 3 ತಿಂಗಳೊಳಗೆ ಕೈಯಲ್ಲಿರಬೇಕು. ಟಿ1 ಹಾಕಿದ್ದರೆ ಅದು ಮುಚ್ಚಿತು ಅನ್ನುವ ದಾಖಲೆಯನ್ನೂ ಕೇಳಿ. ಏಜೆಂಟ್ ತಾವಾಗಿ ಕಳಿಸುವುದು ಅಪರೂಪ, ಸರಕು ತಲುಪಿದ ವಾರದಲ್ಲೇ ಒಂದು ಇಮೇಲ್ ಹಾಕಿಬಿಡಿ.